ಶಿಲಾಯುಗದ ಒಗ್ಗರಣೆ

ಸುಟ್ಟ ಕಾಳು ನೀರಿನಲ್ಲಿ ತೇಲುತ್ತದೆ, ಮಣ್ಣು ಮುಳುಗುತ್ತದೆ. ನನ್ನ ಸಂಶೋಧನೆಯ ಸಾರಾಂಶ ಇಷ್ಟೇ. ಇದರಲ್ಲಿ ಎಡವಟ್ಟು ಮಾಡಲು ಜಾಗವಾದರೂ ಎಲ್ಲಿದೆ? ಹಾಗೆಂದೇ ನಾನು ನಂಬಿದ್ದೆ.

ಉತ್ಖನನದಲ್ಲಿ ಶಿಲಾಯುಗದ ಒಲೆಯೊಂದು ಸಿಕ್ಕಿತ್ತು. ಅದರೊಳಗಿನ ಮಣ್ಣೆಲ್ಲ ಸೇರಿ ಒಂದೇ ಚೀಲ. ಅದನ್ನು ತೊಳೆದು ಸುಟ್ಟ ಕಾಳು ಹೆಕ್ಕಿಕೊಟ್ಟರೆ ಮುಂದಿನ ಉತ್ಖನನದಲ್ಲಿ ಕಾಳುಕಡ್ಡಿಯ ಉಸ್ತುವಾರಿ ನನ್ನದೇ ಎಂದು ನಮ್ಮ ಮುಖ್ಯಸ್ಥೆ ಸುಮಿತ್ರಾ ಮೇಡಂ ಹೇಳಿದ್ದರು. ನನಗೋ ಅದೇ ಕನಸು. ಆದರೆ ಲ್ಯಾಬಿನ ನಲ್ಲಿಯಲ್ಲಿ ನೀರಿಲ್ಲ. ಚಾಮರಾಜಪೇಟೆಯ ನಮ್ಮ ಮನೆಗೆ ಅಂದು ಕಾವೇರಿ ನೀರು ಬಂದಿತ್ತು. ಚೀಲವನ್ನು ಎಳೆಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ತಂದೆ. ಸಣ್ಣ ಕಣ್ಣಿನ ಜರಡಿಯನ್ನು ಮಾತ್ರ ಲ್ಯಾಬಿನಲ್ಲೇ ಮರೆತೆ!

ಇರಲಿ, ಅಡುಗೆಮನೆಯಲ್ಲಿ ಜಾಲರಿ ಇತ್ತಲ್ಲ.

"ಏ, ಅದು ಬೇಡ ಕಣೇ. ಒಗ್ಗರಣೆ ಸೀದೋದ್ರೆ ಎಣ್ಣೆ ಸೋಸ್ಕೊಳ್ಳೋಕೆ ಇಟ್ಕೊಂಡಿದೀನಿ," ಎಂದರು ನಮ್ಮ ಮನೆಯ ಅಡುಗೆ ಸಚಿವರಾದ ಪತಿದೇವರು.

"ಜರಡಿ ವಿಷ್ಯ ನಂಗೇ ಹೇಳ್ಕೊಡ್ತೀರೇನ್ರೀ?" ಎಂದು ಕಿತ್ತುಕೊಂಡು ತಾರಸಿ ಹತ್ತಿದೆ.

ಬಕೆಟ್ಟಿನ ನೀರಿಗೆ ಮಣ್ಣು ಸುರಿದು ಕದಡಿದೆ. ಕರಿ ಕರಿ ಚೂರುಗಳು ತೇಲಿದವು. ಇತಿಹಾಸ ಮೇಲೆದ್ದು ಬಂದಿತ್ತು! ಗಂಭೀರವಾಗಿ ಜಾಲರಿಗೆ ಬಗ್ಗಿಸಿದೆ. ಕಾವೇರಿ ನೀರು ಪೋಲಾಗಬಾರದೆಂದು ಜಾಲರಿಯನ್ನು ಗಂಡನ ಗುಲಾಬಿ ಕುಂಡದ ಮೇಲೇ ಹಿಡಿದಿದ್ದೆ. ಅಷ್ಟು ಜವಾಬ್ದಾರಿಯುತ ನಾಗರಿಕಳು ನಾನು.

ಜಾಲರಿಯಲ್ಲಿ ನೋಡಿದರೆ ಗುಂಡಗಿನ ಪುಟ್ಟ ಕಾಳುಗಳು, ಜೊತೆಗೆ ಸುಟ್ಟ ಎಲೆಯ ಚೂರು! ತಕ್ಷಣ ಮೇಡಂಗೆ ಫೋನ್ ಮಾಡಿದೆ. "ಮೇಡಂ, ಶಿಲಾಯುಗದಲ್ಲೇ ಒಗ್ಗರಣೆ ಹಾಕ್ತಿದ್ರು!"

ಮೇಡಂ ಭೂತಗನ್ನಡಿ ಹಿಡಿದು ಬಂದೇಬಿಟ್ಟರು. ಬಗ್ಗಿದರು. ಮೂಗರಳಿಸಿದರು.

"ಇಂಗಿನ ವಾಸನೆ ಬರ್ತಿದೆಯಲ್ಲಮ್ಮ."

ಅಷ್ಟರಲ್ಲಿ ಗಂಡ ಇಣುಕಿದರು. "ಅಯ್ಯೋ, ಇದು ಭಾನುವಾರದ ಒಗ್ಗರಣೆ ಮೇಡಂ, ಜಾಲರೀಲೇ ಉಳ್ಕೊಂಡಿದೆ. ಚಟ್ನಿಗೆ ಅಂತ ಇಟ್ಟಿದ್ದೆ, ಸೀದೋಯ್ತು."

ಅಷ್ಟು ಖಚಿತವಾದ ಕಾಲನಿರ್ಣಯವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ.

"ಹಾಗಾದ್ರೆ ಒಲೆಯ ಕಾಳೆಲ್ಲಿ?" ಎಂದರು ಮೇಡಂ. ಜಾಲರಿಯ ತೂತು ದೊಡ್ಡದು. ಮಣ್ಣಿನಲ್ಲಿದ್ದ, ಸಾಸಿವೆಗಿಂತಲೂ ಸಣ್ಣ ಕಾಳುಗಳೆಲ್ಲ ನೀರಿನೊಂದಿಗೆ ಇಳಿದುಹೋಗಿದ್ದವು. ನಾನು ಗುಲಾಬಿ ಕುಂಡ ತೋರಿಸಿದೆ. ಅದರ ಗೊಬ್ಬರದಲ್ಲಿ ಬೆರೆತ ಕಾಳು ಇನ್ನು ಪುರಾವೆಗೆ ಬಾರದು. ನಿಜವಾಗಿ ಅಳು ಬಂತು. ಮೇಡಂ ಬೈಯಲೂ ಇಲ್ಲ, ಅದೇ ಹೆಚ್ಚು ಚುಚ್ಚಿತು. ಗಂಡ ಅವರನ್ನು ಸಮಾಧಾನ ಮಾಡಿ, ಉಪ್ಪಿಟ್ಟು ತಿನ್ನಿಸಿ ಕಳಿಸಿದರು.

ಮುಂದಿನ ಉತ್ಖನನಕ್ಕೆ ನಮ್ಮ ಮನೆಯಿಂದ ಒಬ್ಬರಿಗೆ ಕರೆ ಬಂದಿದೆ. ಶಿಬಿರದ ಅಡುಗೆಗೆ, ನಮ್ಮವರಿಗೆ! ಅವರು ಬರುವವರೆಗೆ ಗುಲಾಬಿಗೆ ನೀರು ಹಾಕುವ ಉಸ್ತುವಾರಿ ಪೂರ್ತಿ ನನ್ನದೇ.