ಮಣೆ ತುಳಿದ ಸೊಸೆ

ಅಂಜುವವರ ಮೇಲೆಯೇ ಕಪ್ಪೆ ಎಸೆಯುತ್ತಾರಂತೆ. ನನ್ನ ಮೇಲೆ ಎಸೆಯಲು ಯಾರೂ ಬೇಕಿಲ್ಲ, ಕಪ್ಪೆಗಳೇ ಮನೆ ಕೇಳಿಕೊಂಡು ಬರುತ್ತವೆ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸ್ ಓಡಿಬರುವ ಹೆಂಗಸು ನಾನು. ಇಂಥವಳು ಗಿಟಾರಿಗೆ ಪೆಡಲ್ ಬೋರ್ಡ್ ಮಾಡಲು ಹೋದರೆ ಏನಾಗಬೇಕೋ ಅದೇ ಆಯಿತು.

ನಾನು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕಾಲೇಜಿನಲ್ಲಿದ್ದಾಗ ಕಲಿತ ಗಿಟಾರನ್ನು ಮದುವೆಯಾಗಿ ಕುಂದಗೋಳಕ್ಕೆ ಬಂದ ಮೇಲೂ ಬಿಟ್ಟಿಲ್ಲ. ಆದರೆ ಕದ ಹಾಕಿಕೊಂಡು ಬಾರಿಸುತ್ತಿದ್ದೆ. ಶ್ರುತಿ ತಪ್ಪಿದರೆ ಚಹಾದಂಗಡಿಯವನೂ ತಿರುಗಿ ನೋಡುವ ಊರು ಇದು. ಅದರ ಮೇಲೆ ನಮ್ಮ ಅತ್ತೆ ಹೆಣ್ಣುಮಕ್ಕಳ ಭಜನಾ ಮಂಡಳಿಯ ಮುಂದಾಳು, ಹಾರ್ಮೋನಿಯಂ ಅವರದೇ. ಹೀಗಿರುವಾಗ ಒಂದು ದಿನ ಅತ್ತೆ ತಾವಾಗಿಯೇ ಬಂದು, ಶ್ರಾವಣದಲ್ಲಿ ಮಠದ ಭಜನೆಗೆ ನೀನೂ ಗಿಟಾರ್ ಹಿಡಿದುಕೊಂಡು ಬಾ ಅಂದರು. ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ತಮ್ಮ ಬಾಜು ಕೂರಲು ಕರೆದದ್ದು ಅದೇ ಮೊದಲು. ಖುಷಿಯಾಯಿತು. ಆ ಖುಷಿ ರಾತ್ರಿ ಊಟದ ಹೊತ್ತಿಗೆ ಹೆದರಿಕೆಯಾಗಿತ್ತು.

ಅಟ್ಟದಿಂದ ಇಳಿದದ್ದು

ಪೆಡಲ್ ಅಂದರೆ ಗಿಟಾರಿನ ಸದ್ದು ಬದಲಿಸುವ ಸಣ್ಣ ಡಬ್ಬಿ. ಒಂದನ್ನು ಒತ್ತಿದರೆ ಗುಡಿಯೊಳಗೆ ಬಾರಿಸಿದ ಹಾಗೆ ಗುಂಯ್ ಅನ್ನುತ್ತದೆ. ಇನ್ನೊಂದು ನಾವು ಬಾರಿಸಿದ್ದನ್ನೇ ಹಿಂದಿನಿಂದ ಮತ್ತೆ ಹೇಳುತ್ತದೆ. ಮೂರನೆಯದು ದನಿಯನ್ನು ಒಡೆದು ಖರಖರ ಅನ್ನಿಸುತ್ತದೆ. ಅದನ್ನು ನಾನೇ ಬಿಡಿಭಾಗ ತರಿಸಿ, ಪೇಢೆ ತಂದ ತಗಡಿನ ಡಬ್ಬಿಯಲ್ಲಿ ಬೆಸುಗೆ ಹಾಕಿ ಮಾಡಿದ್ದೆ. ಎರಡೂ ಕೈ ಗಿಟಾರಿನ ಮೇಲಿರುವುದರಿಂದ ಇವನ್ನೆಲ್ಲ ಕಾಲಿನಿಂದಲೇ ಒತ್ತಬೇಕು. ಒತ್ತುವಾಗ ಜಾರದಂತೆ ಒಂದು ಹಲಗೆಗೆ ಕೂರಿಸಿದರೆ ಅದೇ ಪೆಡಲ್ ಬೋರ್ಡ್.

ಹಲಗೆ ಬೇಕು ಅಂದೆ. ನನ್ನ ಗಂಡ ಅಟ್ಟ ಹತ್ತಿ ಹಳೆಯ ಮಣೆಯೊಂದನ್ನು ಕೆಳಗಿಳಿಸಿದರು. ಒಳ್ಳೆಯ ಸಾಗವಾನಿ, ಮೂಲೆಗಳಲ್ಲಿ ಹಿತ್ತಾಳೆಯ ಹೂವು. ಅಡಿಯಲ್ಲಿ ಎರಡು ಪಟ್ಟಿ ಇದ್ದುದರಿಂದ ವೈರುಗಳೆಲ್ಲ ಕೆಳಗೆ ಅಡಗುತ್ತಿದ್ದವು. ನನಗಾಗಿಯೇ ಮಾಡಿಸಿಟ್ಟಂತಿತ್ತು. ಅವರು ಗಟ್ಟಿಯಾಗಿ ಹಿಡಿದರು, ನಾನು ಡ್ರಿಲ್ಲಿನಿಂದ ತೂತು ಕೊರೆದೆ. ಕೊನೆಯ ತೂತು ಮುಗಿದು ಹೊಟ್ಟು ಊದುವಾಗ ಅವರು ಹಿತ್ತಾಳೆಯ ಹೂವನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ, "ಇದು ಅವ್ವನ ಮದವಿ ಮಣಿ ಇರಬೇಕು ನೋಡು," ಅಂದರು.

ನಾನು ಡ್ರಿಲ್ ಕೆಳಗಿಟ್ಟೆ. ಅತ್ತೆ ಮದುವಣಗಿತ್ತಿಯಾಗಿ ಕುಳಿತ ಮಣೆ. ಅದಕ್ಕೆ ತೂತು ಕೊರೆದದ್ದು ಸಾಲದು, ಇನ್ನು ಊರ ಮುಂದೆ, ಮಠದಲ್ಲಿ, ಅವರ ಬಾಜೂಕೇ ಕುಳಿತು ಅದನ್ನು ಕಾಲಿನಿಂದ ತುಳಿಯಬೇಕು. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, ಮೊದಲು ಧೂಳಿತ್ತಲ್ಲ ಅಂದರು. ನಾನು ಅಳುವುದೊಂದು ಬಾಕಿ. ಅವರು ಸಮಾಧಾನ ಮಾಡಲು ಬಂದರು.

"ಮನಿ ಒಳಗ ಬರೂ ಮುಂದ ಸೇರು ಅಕ್ಕಿ ಒದ್ದು ಬಂದಾಕಿ ನೀನು. ಒದ್ದಿದ್ದಕ್ಕ ಅವ್ವ ಆರತಿ ಮಾಡಿದ್ಲು. ತುಳಿದ್ರ ಏನಂತಾಳ?"

ಖರಖರ

ಅಂದಿನಿಂದ ಬೋರ್ಡಿಗೆ ಕರಿ ಅರಿವೆ ಹೊದಿಸಿಟ್ಟೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಒಂದು ಕಣ್ಣು ತಂತಿಯ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ. ನಮ್ಮ ಮಾವ ಕುಳಿತಲ್ಲಿಂದಲೇ ರಾಜ್ಯ ಆಳುವವರು. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಇಡೀ ಓಣಿಗೆ ಗೊತ್ತಾಗುತ್ತದೆ. ಅತ್ತೆ ಅವರಿಗೆ ಎದುರು ಮಾತಾಡಿದವರಲ್ಲ. ದಿನಾ ಮಣೆ ಹಾಕಿಕೊಂಡು ಪೂಜೆಗೆ ಕುಳಿತರೆ ಮಾವ ಎಷ್ಟು ಕೂಗಿದರೂ ಏಳುವುದಿಲ್ಲ, ಎದ್ದ ಮೇಲೆ ಪಾತ್ರೆ ಇಡುವ ಸಪ್ಪಳದಲ್ಲೇ ಉತ್ತರ ಕೊಡುತ್ತಾರೆ. ಆ ಸಪ್ಪಳ ನನ್ನ ಕಡೆ ತಿರುಗಿದರೆ ಗತಿ ಏನು ಎಂಬುದೇ ನನ್ನ ಚಿಂತೆ.

ಒಂದು ದಿನ ಅವಸರದಲ್ಲಿ ಬೋರ್ಡನ್ನು ಮಂಚದ ಕೆಳಗೆ ತಳ್ಳುವಾಗ ಖರಖರದ ಡಬ್ಬಿಯೊಳಗೆ ವೈರ್ ಕಿತ್ತಿತು. ಬಸ್ ನಿಲ್ದಾಣದ ಹತ್ತಿರ ಮೈಕ್ ಸೆಟ್ ರಿಪೇರಿ ಮಾಡುವವರಿಗೆ ಡಬ್ಬಿ ಕೊಟ್ಟು, ಒಂದೇ ವೈರ್ ಹಚ್ಚಿ ಕೊಡಿ ಅಂದು ಶಾಲೆಗೆ ಓಡಿದೆ. ಸಂಜೆ ಹೋದರೆ ಅವರ ಮುಖದಲ್ಲಿ ರೋಗಿಯನ್ನು ಉಳಿಸಿದ ಡಾಕ್ಟರರ ಕಳೆ.

"ಹೊತ್ತಿಗೆ ತಂದ್ರಿ ಟೀಚರ್. ವೈರ್ ಹಚ್ಚಿ ನೋಡತೀನಿ, ಅಗದಿ ಖರಖರ ಅನ್ನಾಕತ್ತಿತ್ತು. ಎಲ್ಲಾ ಬಿಚ್ಚಿ ಖರಖರ ತಗದೀನ್ರಿ. ಈಗ ಜೇನು ಬಂದಂಗ ಬರತೈತಿ."

ಬೋರ್ಡಿನಲ್ಲಿ ಗುಂಯ್ ಅನ್ನುವ ಡಬ್ಬಿಯೂ, ಮರಳಿ ಹೇಳುವ ಡಬ್ಬಿಯೂ ಇದ್ದವು. ಏನನ್ನೂ ಮಾಡದ ಡಬ್ಬಿಯೊಂದು ಬಾಕಿ ಇತ್ತು, ಅದೂ ಆಯಿತು. ನಾನು ಅಂಜುತ್ತಲೇ, ಆ ಖರಖರವೇ ನನಗೆ ಬೇಕಾಗಿತ್ತು, ದಯಮಾಡಿ ವಾಪಸ್ ಹಾಕಿ ಕೊಡಿ ಅಂದೆ. ಅವರು ಕುರ್ಚಿ ಎಳೆದು ಕೂರಿಸಿದರು. ನೀರು ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು:

"ನಿಮ್ಮ ಮನಿಯವರ ನಂಬರ ಹೇಳ್ರಿ."

ಬಸ್ಸಿನಲ್ಲಿ ಮತದಾನ

ಖರಖರವನ್ನು ನಾನೇ ಮತ್ತೆ ಬೆಸೆದುಕೊಂಡೆ. ಮಣೆಯ ತೂತು ಮಾತ್ರ ನಿದ್ದೆಗೆಡಿಸುತ್ತಿತ್ತು. ನನ್ನ ತವರು ನವಲಗುಂದ, ಅಲ್ಲಿ ಅಣ್ಣನಿಗೆ ಬಡಿಗತನ ಸ್ವಲ್ಪ ಗೊತ್ತು. ಬೇರೆ ಹಲಗೆ ಹಾಕಿಸಿಕೊಂಡು, ಇದರ ತೂತು ಮುಚ್ಚಿಸಿ, ಸದ್ದಿಲ್ಲದೆ ಅಟ್ಟಕ್ಕೆ ಸೇರಿಸೋಣ ಅಂದುಕೊಂಡು ಬೋರ್ಡ್ ಎತ್ತಿಕೊಂಡು ಹೋದೆ. ಅಣ್ಣ ತಿರುವಿ ನೋಡಿ, ಸಾಗವಾನಿಗೆ ತೇಪೆ ಹಚ್ಚಿದರೆ ಕುರುಡನಿಗೂ ಕಾಣುತ್ತದೆ ಅಂದ. ಬಂದ ದಾರಿಗೆ ಸುಂಕವಿಲ್ಲ ಎಂದು ಹುಬ್ಬಳ್ಳಿ ಬಸ್ ಹತ್ತಿದೆ.

ಆಗ ಚುನಾವಣೆಯ ಹೊತ್ತು. ತೊಡೆಯ ಮೇಲೆ ಬೋರ್ಡ್ ಇಟ್ಟುಕೊಂಡು ಕುಳಿತಿದ್ದೆ. ಬಸ್ಸಿನ ಜೋಲಿಗೆ ಅರಿವೆ ಜಾರಿತು. ಸಾಲಾಗಿ ಗುಂಡಿ, ಪ್ರತಿ ಗುಂಡಿಯ ಪಕ್ಕ ಕೆಂಪು ದೀಪ. ಬಾಜು ಸೀಟಿನಲ್ಲಿ ಯಮನೂರಿನ ದರ್ಗಾಕ್ಕೆ ಹರಕೆ ತೀರಿಸಿ ಮನೆಗೆ ಹೊರಟಿದ್ದ ಒಬ್ಬ ಅಜ್ಜಿ. ಏನು ಕೆಲಸ ಅಂತ ಕೇಳಿದರು, ಟೀಚರ್ ಅಂದೆ. ಅಷ್ಟು ಸಾಕಾಯಿತು. ಟೀಚರುಗಳಿಗೆ ಚುನಾವಣೆ ಕೆಲಸ ಇರುವುದು ಯಾರಿಗೆ ಗೊತ್ತಿಲ್ಲ? ಮುದುಕರು ಇರುವ ಕಡೆಗೇ ಮಷಿನ್ ತರುವುದು ಬಹಳ ಚಲೋ ಆಯಿತು ಎಂದು ನನ್ನನ್ನು ಹರಸಿ, ನಾನು ಬಾಯಿ ತೆರೆಯುವುದರೊಳಗೆ ಸೆರಗು ತಲೆಯ ಮೇಲೆ ಹೊದ್ದು, ಯಾರಿಗೂ ಕಾಣದಂತೆ ಕೈ ಅಡ್ಡ ಹಿಡಿದು, ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿಬಿಟ್ಟರು. ಒಳಗೆ ಬ್ಯಾಟರಿ ಇತ್ತಲ್ಲ, ದೀಪ ಹತ್ತಿತು. ಅವರು ಕಿವಿಗೊಟ್ಟು ಕಾದರು. ಕುಂಯ್ ಅನ್ನಲಿಲ್ಲವಲ್ಲ, ನನ್ನ ಓಟು ಬಿತ್ತೋ ಇಲ್ಲವೋ ಅಂತ ಕೇಳಿದರು.

ಅದೇ ಹೊತ್ತಿಗೆ ಚೆಕ್‌ಪೋಸ್ಟಿನಲ್ಲಿ ಬಸ್ ನಿಂತು ಒಬ್ಬ ಪೊಲೀಸ್ ಹತ್ತಬೇಕೇ. ನೇರವಾಗಿ ನನ್ನ ತೊಡೆಯ ಮೇಲೆ ಅವನ ಕಣ್ಣು. ಇದೇನು ಅಂದ. ಪೆಡಲ್ ಅಂದೆ. ಹಾಗಾದರೆ ಸೈಕಲ್ ಎಲ್ಲಿ ಅಂದ. ಅಷ್ಟರಲ್ಲಿ ಅಜ್ಜಿ ನನ್ನ ಪರವಾಗಿ ನಿಂತರು.

"ಆಕಿನ್ನ ಯಾಕ ಕಾಡತಿ ತಮ್ಮಾ? ಸಾಲಿನ್ಯಾಗ ಬಾ. ನಂದು ಆತು, ಇನ್ನ ನೀ ಒತ್ತು."

ಮಠದಲ್ಲಿ

ಶ್ರಾವಣ ಸೋಮವಾರ ಬಂದೇಬಿಟ್ಟಿತು. ಮಠದಲ್ಲಿ ಎಲ್ಲರೂ ಜಮಖಾನೆಯ ಮೇಲೆ, ಕಾಲು ಕೆಳಗಿರಬೇಕಾದ ನಾನೊಬ್ಬಳು ಕುರ್ಚಿಯ ಮೇಲೆ. ಎಡಕ್ಕೆ ಹಾರ್ಮೋನಿಯಂ ಹಿಡಿದ ಅತ್ತೆ. ಎದುರಿಗೆ ಮೊದಲ ಸಾಲಿನಲ್ಲಿ ಮಾವ, ಮೈಕಿನವನಿಗೆ ಮೈಕ್ ಇಡುವುದನ್ನು ಕಲಿಸುತ್ತಿದ್ದರು.

ಮೊದಲ ಹಾಡಿನಲ್ಲಿ ಗುಂಯ್ ಅನ್ನುವ ಡಬ್ಬಿ ಒತ್ತಿದೆ. ಒತ್ತಿದ ಕೂಡಲೇ ಕಾಲಿನ ಕೆಳಗೆ ಏನಿದೆ ಎಂಬುದು ನೆನಪಾಯಿತು. ಏನೂ ಯೋಚಿಸದೆ ಬಾಗಿ ಬೋರ್ಡ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಪುಸ್ತಕಕ್ಕೆ ಕಾಲು ತಾಗಿದರೆ ಮಾಡುತ್ತೇವಲ್ಲ, ಹಾಗೆ. ಒಮ್ಮೆ ಮಾಡಿದ ಮೇಲೆ ಬಿಡಲು ಧೈರ್ಯ ಬರಲಿಲ್ಲ. ಒತ್ತಿದಾಗೊಮ್ಮೆ ಬಾಗುವುದು, ಮುಟ್ಟುವುದು, ಕಣ್ಣಿಗೊತ್ತಿಕೊಳ್ಳುವುದು. ಅಷ್ಟರಲ್ಲಿ ಹಾಡು ಎರಡು ಸಾಲು ಮುಂದೆ ಹೋಗಿರುತ್ತಿತ್ತು, ನಾನು ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದೆ. ಆದರೆ ಕೂತವರಿಗೆ ಇದು ಭಕ್ತಿಯಾಗಿ ಕಂಡಿತು. ಹಿಂದಿನಿಂದ ಯಾರೋ, ಇಂಗ್ಲಿಷ್ ವಾದ್ಯ ಬಾರಿಸಿದರೂ ಸಂಸ್ಕಾರ ನೋಡ್ರಿ ಅಂದರು. ಮಾವ ಹಿಂದೆ ತಿರುಗಿ, ನಮ್ಮ ಮನೆಯ ಶಿಸ್ತೇ ಹಾಗೆ ಅಂದರು.

ಮೂರನೆಯ ಹಾಡಿಗೆ ಬಾಗಿದಾಗ ಸೆರಗಿಗೆ ಸಿಕ್ಕಿ ಕರಿ ಅರಿವೆ ಪೂರ್ತಿ ಸರಿಯಿತು. ದೀಪದ ಬೆಳಕಿಗೆ ಹಿತ್ತಾಳೆಯ ಹೂವುಗಳು ಫಳಫಳ ಹೊಳೆದವು. ಅತ್ತೆಯ ಕೈ ಹಾರ್ಮೋನಿಯಂ ಮೇಲೆ ಒಂದು ಗಳಿಗೆ ನಿಂತಿತು. ನೋಡಿದರು. ಮತ್ತೆ ಹಾಡು ಮುಂದುವರಿಸಿದರು. ನಾನು ಮಾತ್ರ ಅಲ್ಲೇ ಮುಗಿದುಹೋದೆ. ಇನ್ನು ನನ್ನನ್ನು ಬಾಜು ಕೂರಿಸುವುದಿರಲಿ, ನನ್ನ ಕೈಯ ಚಹಾ ಕುಡಿಯುವುದೂ ಅನುಮಾನ.

ಹಾಡು ಮುಗಿದು ತಬಲಾದವರು ಶ್ರುತಿ ಮಾಡಿಕೊಳ್ಳುವಾಗ ಅತ್ತೆ ನನ್ನ ಕಡೆ ಬಾಗಿದರು. ಒಂದೊಂದು ಸಲ ತುಳಿದಾಗಲೂ ಯಾಕೆ ನಮಸ್ಕಾರ ಮಾಡುತ್ತೀ, ಹಾಡು ಅರ್ಧ ಅದರಲ್ಲೇ ಹೋಗುತ್ತಿದೆ ಅಂದರು. ಇನ್ನು ಮುಚ್ಚಿಡಲು ಅರಿವೆಯೂ ಇರಲಿಲ್ಲ.

"ತಪ್ಪಾತ್ರಿ ಅತ್ತಿ. ಗೊತ್ತಿಲ್ಲದ ತೂತು ಹೊಡದೀನಿ. ಇದು ನಿಮ್ಮ ಮದವಿ ಮಣಿರಿ."

ಅತ್ತೆ ಬೋರ್ಡನ್ನು ಇನ್ನೊಮ್ಮೆ ನೋಡಿದರು. ಎದುರಿಗೆ, ಮೈಕಿನವನಿಗೆ ಇನ್ನೂ ಬೈಯುತ್ತಿದ್ದ ಮಾವನನ್ನು ನೋಡಿದರು. ಹಾರ್ಮೋನಿಯಂನ ತಿದಿ ಒತ್ತುತ್ತ, ನನಗಷ್ಟೇ ಕೇಳುವಂತೆ ಅಂದರು:

"ನನ್ನ ಮಣಿ ಮ್ಯಾಲ ನಾ ದಿನಾ ಪೂಜಾಕ್ಕ ಕೂಡತೀನಲ್ಲ. ಇದು ನಿಮ್ಮ ಮಾವಾರು ಕುಂತಿದ್ದು. ಅಂಜಬ್ಯಾಡ, ಜೋರ ತುಳಿ."