ಒಂದು ಮಿಲಿಮೀಟರಿನ ಮಹಾಸಮರ

ಎಲೈ ಸಹೃದಯ ಶ್ರೋತೃಗಳಿರಾ, ಕಿವಿ ಕೊಡುವವರು ಕಿವಿ ಕೊಡಿ, ಕೊಡದವರು ಕೈಯಲ್ಲಿರುವ ಮೊಬೈಲನ್ನಾದರೂ ಕೆಳಗಿಡಿ. ಧರ್ಮವು ಒಂಟಿಕಾಲಿನಲ್ಲಿ ಕುಂಟುವ ಈ ಕಲಿಯುಗದಲ್ಲಿ, ಧೂಳಿಧೂಸರಿತ ಹುಬ್ಬಳ್ಳಿ ಮಹಾನಗರಿಯಲ್ಲಿ, ಮೋಟಾರು ರಿವೈಂಡಿಂಗ್ ಅಂಗಡಿಯೊಂದರ ಮಾಳಿಗೆಯ ಮೇಲೆ, ರವಿವಾರ ಮುಂಜಾನೆ ಹತ್ತರ ಸುಮುಹೂರ್ತದಲ್ಲಿ ಜರುಗಿದ ಘೋರಸಂಗ್ರಾಮವನ್ನು ಹಾಡುತ್ತೇನೆ. ಅದರ ನಾಯಕನಾರೆಂದರೆ, ದಗ್ಧಪಂಪುಸಂಜೀವನ, ತಾಮ್ರತಂತುವೇಷ್ಟನಚತುರ, ಮೂರು ವರ್ಷ ಸತತವಾಗಿ ಎರಡನೆಯ ಸ್ಥಾನ ಗಳಿಸಿ ಆ ಸ್ಥಾನಕ್ಕೇ ಬೇಸರ ತರಿಸಿದ, ಆ ಅಂಗಡಿಯ ಒಡೆಯ ಚನ್ನವೀರಪ್ಪ ಹೊಂಬಳ.

ರಣರಂಗವೋ, ಪ್ಲೈವುಡ್ಡಿನ ಮೇಲೆ ಹಾವಿನಂತೆ ಹೊರಳಿದ ಹಾದಿ. ಹಾದಿಯಲ್ಲಿ ಎರಡು ಸೀಳು, ಸೀಳಿನ ಅಕ್ಕಪಕ್ಕ ವಿದ್ಯುತ್ತು ಹರಿಯುವ ಲೋಹದ ಪಟ್ಟಿ. ಅಂಗೈಯಗಲದ ಆಟಿಕೆ ಕಾರುಗಳು ಆ ಸೀಳಿಗೆ ಮೂಗು ತೂರಿಸಿ ಓಡುತ್ತವೆ. ಸಾರಥಿ ದೂರ ನಿಂತು, ಕೈಯಲ್ಲಿನ ಗುಂಡಿ ಒತ್ತಿ ವೇಗ ಕೊಡುತ್ತಾನೆ. ಕಾರಿನ ಹೊಟ್ಟೆಯಡಿ ಒಂದು ಅಯಸ್ಕಾಂತವಿರುತ್ತದೆ. ಅದು ಪಟ್ಟಿಗೆ ಹತ್ತಿರವಾದಷ್ಟೂ ತಿರುವಿನಲ್ಲಿ ಕಾರು ಜಿಗಣೆಯಂತೆ ಕಚ್ಚಿಕೊಳ್ಳುತ್ತದೆ. ಆದುದರಿಂದಲೇ ಈ ಓಟದ ಕ್ಲಬ್ಬಿನ ಏಳನೆಯ ನಿಯಮ: ಅಯಸ್ಕಾಂತಕ್ಕೂ ಪಟ್ಟಿಗೂ ನಡುವೆ ಒಂದು ಮಿಲಿಮೀಟರ್ ಅಂತರ ಇರತಕ್ಕದ್ದು. ಹೋದ ವರ್ಷ ಈ ನಿಯಮವನ್ನು ಹಟ ಹಿಡಿದು ಬರೆಸಿದವನು ಸಾಕ್ಷಾತ್ ಚನ್ನವೀರಪ್ಪನೇ. ಮೂರು ಸಲವೂ ಗೆಲುವಿನ ಕಪ್ಪು ಹೊತ್ತೊಯ್ದ ವೈರಿಯ, ಅಂದರೆ ದುಕೂಲವಣಿಜಕುಲತಿಲಕ, ವಕ್ರಮಾರ್ಗವಿಶಾರದ, ಸೀರೆ ಅಂಗಡಿಯ ಅಂಬಾಸಾ ಬದ್ದಿಯ ಗರ್ವಭಂಗಕ್ಕಾಗಿ.

ನಿಯಮವಿದ್ದ ಮೇಲೆ ಅಳೆಯುವವರು ಬೇಕಲ್ಲ. ಯಾರನ್ನು ನೇಮಿಸಿದರೂ ಜಗಳ. ಕಡೆಗೆ ಬದ್ದಿಯೇ ಒಂದು ಹೆಸರು ಸೂಚಿಸಿದ್ದ: ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಇಪ್ಪತ್ತಾರು ವರ್ಷ ವಾಲ್ವುಗಳನ್ನು ಅಳೆದು ನಿವೃತ್ತಳಾದ, ಮೈಕ್ರೋಮೀಟರ್‌ಪಾಣಿ, ನಿರ್ದಾಕ್ಷಿಣ್ಯಲೋಚನೆ ಸುವರ್ಣಾ ಹೊಂಬಳ. ನಾಯಕನ ಧರ್ಮಪತ್ನಿ. ಒಮ್ಮೆ ಅವರ ಮನೆಗೆ ಊಟಕ್ಕೆ ಹೋಗಿದ್ದ ಬದ್ದಿ, ದಪ್ಪವಾಯಿತೆಂದು ಆಕೆ ತಾನೇ ಬಡಿದ ರೊಟ್ಟಿಯನ್ನು ತಿರಸ್ಕರಿಸಿದ್ದನ್ನು ಕಣ್ಣಾರೆ ಕಂಡಿದ್ದ.

ಆ ರವಿವಾರ ಚನ್ನವೀರಪ್ಪನ ಕೆಂಪು ಕಾರು ತಪಾಸಣೆಯ ಗಾಜಿನ ಮೇಲೆ ವಿರಾಜಮಾನವಾಯಿತು. ಮೂರು ತಿಂಗಳು ಟೈರುಗಳನ್ನು ಉಜ್ಜಿ ಉಜ್ಜಿ ಅದನ್ನು ಸಿದ್ಧಗೊಳಿಸಿದ್ದ. ಸುವರ್ಣಾ ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ಗೇಜನ್ನು, ಅಂದರೆ ಅಳತೆಯ ತಗಡನ್ನು, ಅದರ ಹೊಟ್ಟೆಯಡಿ ತೂರಿಸಿದಳು. ಅದು ಹೊಸ್ತಿಲಲ್ಲೇ ನಿಂತಿತು.

"ಹೋಗವಲ್ದು," ಎಂದಳು.

"ಇನ್ನೊಮ್ಮೆ ನೋಡು."

"ಮೂರು ಸಲ ನೋಡೀನಿ. ಟೈರು ಭಾಳ ಉಜ್ಜೀರಿ. ಅರ್ಧ ಮಿಲಿಮೀಟರ್ ಕೆಳಗ ಕುಂತೈತಿ."

ಆಗ ಕ್ರೋಧಾರುಣನೇತ್ರನಾದ ನಾಯಕನು ಎದೆಯುಬ್ಬಿಸಿ, ಗೋಡೆಯ ಹಲ್ಲಿಯೂ ಬೆಚ್ಚುವಂತೆ ಗರ್ಜಿಸಿದನು: "ಈ ಚನ್ನವೀರ ಅಂದ್ರ ಯಾರಂತ ತಿಳ್ಕೊಂಡೀರಿ? ಸುಟ್ಟು ಕರಕಲಾದ ಮೋಟಾರಿಗೆ ಜೀವ ತುಂಬಿದಾಂವ! ನನ್ನ ಹೆಸರು ಕೇಳಿದ್ರ ಸತ್ತ ಪಂಪು ಎದ್ದು ನೀರು ಎತ್ತತಾವ! ನನ್ನ ಕಾರಿಗೆ ಗೇಜಾ?"

"ಪಂಪು ನೀರು ಎತ್ತಲಿ ಬಿಡ್ರಿ. ನೀವು ಕಾರು ಎತ್ರಿ, ಹಿಂದಿನವರು ಕಾಯಾಕತ್ತಾರ."

ಸಭೆ ಕಿಸಕ್ಕೆಂದಿತು. ಅಷ್ಟರಲ್ಲಿ ಬದ್ದಿ ನಗುತ್ತ ಮುಂದೆ ಬಂದ. "ವೈನಿ, ಹೋಗ್ಲಿ ಬಿಡ್ರಿ. ಅರ್ಧ ಮಿಲಿಮೀಟರಿಗೆ ಏನಾಕೈತಿ? ಅಣ್ಣಾರು ಹಂಗ ಓಡಸಲಿ. ನಾ ಏನೂ ಅನ್ನೂದಿಲ್ಲ."

ಯಾವ ಬಾಣವೂ ಆ ಕರುಣೆಯಷ್ಟು ಆಳಕ್ಕೆ ನಾಟದು. ಮೂರು ವರ್ಷದ ಸೋಲಿಗಿಂತ ಆ ಒಂದು ನಗು ಚನ್ನವೀರಪ್ಪನ ಎದೆಯಲ್ಲಿ ಹೆಚ್ಚು ಉರಿಯಿತು. "ನಿನ್ನ ಭಿಕ್ಷಾ ನನಗ ಬ್ಯಾಡ. ಹತ್ತು ನಿಮಿಷ ಟೈಮ್ ಕೊಡ್ರಿ," ಎಂದವನೇ ಕಿಟಕಿಯ ಬಳಿ ಕುಳಿತ.

ಹಿಂದಿನ ಟೈರುಗಳನ್ನು ಕಿತ್ತು, ಪೊಟ್ಟಣದಿಂದ ಹೊಸ ದಪ್ಪ ಟೈರು ತೆಗೆದು ತೊಡಿಸಿದ. ಈಗ ಕಾರು ಒಂಟೆಯಂತೆ ಬೆನ್ನೆತ್ತಿತು. ಅಷ್ಟೆತ್ತರ ನಿಂತರೆ ತಿರುವಿನಲ್ಲಿ ಹಿಡಿತವೆಲ್ಲಿ? ಉಪ್ಪುಕಾಗದ ಹಿಡಿದು ಉಜ್ಜಿದ, ಅಳೆದ, ಮತ್ತೆ ಉಜ್ಜಿದ. ಗೇಜು ಉಸಿರು ಬಿಗಿಹಿಡಿದು ತೂರುವಷ್ಟು ಮಾತ್ರ ಅಂತರ ಉಳಿದಾಗ ಕೈ ನಿಲ್ಲಿಸಿದ.

ಸುವರ್ಣಾ ತೂರಿಸಿ ನೋಡಿದಳು. ಹೋಯಿತು. ಗಂಡನ ಮುಖ ನೋಡಿ ಕೇಳಿದಳು, "ಇಷ್ಟು ಸಾಕಾ?"

"ಸಾಕು," ಎಂದ ವೀರ.

ಶಂಖವಿಲ್ಲದ ಕಾರಣ ಯಾರೋ ಸ್ಟೀಲ್ ತಟ್ಟೆ ಬಾರಿಸಿದರು. ಮೂವತ್ತು ಸುತ್ತಿನ ಸಮರ. ಕೆಂಪು ಕಾರು ಕೆಂಡದುಂಡೆಯಂತೆಯೂ, ಬದ್ದಿಯ ನೀಲಿ ಕಾರು ನಂಜಿನ ಹನಿಯಂತೆಯೂ ಚಿಮ್ಮಿದವು. ಇಪ್ಪತ್ತೈದರವರೆಗೂ ನೀಲಿ ಮುಂದೆ. ಚನ್ನವೀರಪ್ಪನ ಎಡಗಾಲು ತಾನಾಗಿಯೇ ಕುಣಿಯತೊಡಗಿತು. ಇಪ್ಪತ್ತಾರನೆಯ ಸುತ್ತಿನ ತಿರುವಿನಲ್ಲಿ ಬದ್ದಿ ಅತಿಯಾಸೆಯಿಂದ ಗುಂಡಿ ಒತ್ತಿದ. ನೀಲಿ ಕಾರು ಸೀಳು ಬಿಟ್ಟು ಗಗನಕ್ಕೇರಿ, ಗಿರಗಿರನೆ ತಿರುಗಿ, ಮಂಡಕ್ಕಿ ಬುಟ್ಟಿಯಲ್ಲಿ ಅಸ್ತಂಗತವಾಯಿತು. ಅದನ್ನು ಜಾಡಿಸಿ ಮರಳಿ ಇಡುವಷ್ಟರಲ್ಲಿ ಕೆಂಪು ಕಾರು ಒಂದೂವರೆ ಸುತ್ತು ಮುಂದಿತ್ತು.

ಗೆದ್ದ! ಚನ್ನವೀರಪ್ಪ ಎರಡೂ ಕೈ ಎತ್ತಿ ಕೂಗಿದ ಕೂಗಿಗೆ ಕೆಳಗಿನ ಬೀದಿಯಲ್ಲಿ ಒಂದು ಆಟೋ ನಿಂತಿತು. ಚಹಾದ ಲೋಟಕ್ಕಿಂತ ಒಂದು ಬೆರಳು ಎತ್ತರದ ಕಪ್ಪಿನತ್ತ ಅವನ ಕೈ ಚಾಚಿತು.

"ಅಣ್ಣಾರ," ಎಂದ ಬದ್ದಿ, ಮಂಡಕ್ಕಿ ಹುಡಿ ಊದುತ್ತ, ನಿಯಮದ ಹಾಳೆ ಹಿಡಿದು. "ನಿಮ್ಮ ಏಳನೇ ನಿಯಮಕ್ಕ ಇನ್ನೊಂದು ಸಾಲು ಐತಿ. 'ಓಟ ಮುಗಿದ ಮೇಲೂ ಅಳೆಯತಕ್ಕದ್ದು.' ನೀವ ಬರಸಿದ್ದು."

ಕಾರು ಮತ್ತೆ ಗಾಜಿನ ಮೇಲೇರಿತು. ಸುವರ್ಣಾ ಗೇಜು ತೂರಿಸಿದಳು. ಅರ್ಧ ದಾರಿಗೆ ನಿಂತಿತು. ಗಾಜು ಒರೆಸಿದಳು, ಗೇಜು ಒರೆಸಿದಳು, ಕನ್ನಡಕ ಒರೆಸಿದಳು. ಮತ್ತೆ ತೂರಿಸಿದಳು. ಮೂವತ್ತು ಸುತ್ತಿಗೆ ಟೈರು ಸವೆದಿತ್ತು.

 ಮೂರನೆಯ ಸಲ ಆಕೆ ಗೇಜನ್ನು ಆ ಬದಿ ಈ ಬದಿ ಓರೆಮಾಡಿ ದಾರಿ ಹುಡುಕುತ್ತಿದ್ದುದನ್ನು ಚನ್ನವೀರಪ್ಪ ಕಂಡ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಗೇಜು ಹಿಡಿದ ಆ ಕೈ ಹೀಗೆ ದಾರಿ ಹುಡುಕಿದ್ದನ್ನು ಅವನು ನೋಡಿರಲಿಲ್ಲ. ಹೇಗಾದರೂ ಹೋಗಲಿ ಎಂದು ಆಕೆ ಮನದಲ್ಲೇ ಬೇಡಿಕೊಳ್ಳುತ್ತಿದ್ದಳು. ಅವನ ಗಂಟಲಲ್ಲಿ ಸಿದ್ಧವಾಗಿದ್ದ ಸಿಂಹನಾದ ಅಲ್ಲೇ ಉಡುಗಿತು.

"ಬಿಡು ಸುವರ್ಣಾ," ಎಂದ ಮೆಲ್ಲಗೆ. "ಹೋಗವಲ್ದು ಅಂತ ಬರಿ. ಎಲ್ಲಿ ಸಹಿ ಮಾಡ್ಲಿ?"

ಬದ್ದಿ ಕಪ್ಪು ಎತ್ತಿಕೊಂಡ. ಎತ್ತುವಾಗಲೇ ಅದರ ಒಂದು ಕಿವಿ ಕಳಚಿ ಬಿತ್ತು. ಯಾರ ಕಣ್ಣೂ ಅತ್ತ ಇರಲಿಲ್ಲ, ಮಂಡಕ್ಕಿಯ ಜೊತೆಗೆ ಮೆಣಸಿನಕಾಯಿ ಭಜಿ ಬಂದಿತ್ತು.

ಮಧ್ಯಾಹ್ನ ಮಹಾರಥಿಯು ಸ್ಕೂಟರ್ ಏರಿ ಮನೆಗೆ ಹೊರಟ. ಹಿಂದೆ ಕುಳಿತ ಸುವರ್ಣಾ ಕಾರಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಎರಡು ಸಿಗ್ನಲ್ ದಾಟಿದರು. ಮೂರನೆಯದರಲ್ಲಿ ಅವನೇ ಕೇಳಿದ:

"ಎಷ್ಟು ಕಡಿಮಿ ಬಿತ್ತು?"

"ಒಂದು ಕೂದಲೆಳಿಯಷ್ಟು."

ಚನ್ನವೀರಪ್ಪ ಹೆಲ್ಮೆಟ್ ಸ್ವಲ್ಪ ಎತ್ತಿ, ನುಣ್ಣನೆಯ ತಲೆಯ ಬೆವರು ಒರೆಸಿಕೊಂಡ.

"ಅದೊಂದ ನೋಡು, ನನ್ನ ಕಡೆ ಇಲ್ಲದ್ದು."