ದೊಡ್ಡ ಗೇಟಿನ ಕೀ ಯಾರ ಹಣ್ಣಿನ ಬುಟ್ಟಿಯಲ್ಲಿದೆಯೋ ಅವರಿಗೆ

ಮಾನ್ಯರೇ,

ತಮ್ಮ ಹೆಸರು, ಹುದ್ದೆ, ಬಿರುದು ಯಾವುದೂ ತಿಳಿಯದ ಕಾರಣ ಎಲ್ಲಕ್ಕೂ ಸೇರಿಸಿ ಒಂದೇ ದೊಡ್ಡ ನಮಸ್ಕಾರವನ್ನು ಮೊದಲಿಗೆ ಸಲ್ಲಿಸುತ್ತೇನೆ. ಈಗ ಬೆಳಗಿನ ಜಾವ ಎರಡೂಮುಕ್ಕಾಲು. ನನ್ನನ್ನು ಎಬ್ಬಿಸಿದ್ದು ಹತ್ತು ತಿಂಗಳ ಮಗಳು ಮೈತ್ರಿಯಲ್ಲ. ಅವಳು ಇವತ್ತು ಅಪರೂಪಕ್ಕೆ ಮಲಗಿದ್ದಾಳೆ, ಉಸಿರಾಡುತ್ತಿದ್ದಾಳೆಯೇ ಎಂದು ಎರಡು ಸಲ ನೋಡಿಯೂ ಆಯಿತು. ಪಕ್ಕದಲ್ಲಿ ನನ್ನ ಗಂಡ ಕೆಂಪರಾಜು ಎಡಮಗ್ಗುಲಿನಿಂದ ಬಲಮಗ್ಗುಲಿಗೆ ಮೂರು ಕಂತಿನಲ್ಲಿ ಹೊರಳಲು ಹೋಗಿ, ಎರಡನೇ ಕಂತಿನಲ್ಲಿ ಹಲ್ಲು ಕಚ್ಚಿ ಬಿಟ್ಟ 'ಸ್ಸ್' ಎಂಬ ಸದ್ದಿಗೆ ನನಗೆ ಎಚ್ಚರವಾಯಿತು. ಕುಕ್ಕರು ಕೂಗುವುದಕ್ಕೆ ಮುಂಚೆ ಮಾಡುತ್ತದಲ್ಲ, ಅಂಥದೇ ಸದ್ದು. ತಾವು ಯಾರೆಂದು ಗೊತ್ತಿದ್ದರೆ ಈ ಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸುತ್ತಿದ್ದೆ. ಗೊತ್ತಿಲ್ಲದ್ದರಿಂದ ಊರಿನ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೇನೆ. ಪತ್ರ ಬಹಿರಂಗವಾದದ್ದಕ್ಕೆ ಇಷ್ಟೇ ಕಾರಣ, ಮನ್ನಿಸಬೇಕು.

ಕೆಂಪರಾಜು ಅವರದು ಮುಳುಗುವ ಕೆಲಸ. ಕೆರೆಯ ತೂಬು ಕಚ್ಚಿಕೊಂಡರೆ, ನಾಲೆಗೆ ಮೋಟಾರು ಬಿದ್ದರೆ, ಮದ್ದೂರಿನಿಂದ ಪೂರಿಗಾಲಿಯವರೆಗೆ ಜನ ಇವರಿಗೆ ಫೋನ್ ಮಾಡುತ್ತಾರೆ. ಗಾಳಿಯನ್ನು ಒತ್ತಿ ತುಂಬಿದ ಉದ್ದನೆಯ ಉಕ್ಕಿನ ಟ್ಯಾಂಕನ್ನು ಬೆನ್ನಿಗೆ ಕಟ್ಟಿಕೊಂಡು, ಅದರಿಂದ ಉಸಿರಾಡುತ್ತ ಇವರು ನೀರಿನ ತಳಕ್ಕೆ ಇಳಿಯುತ್ತಾರೆ. ಗಾಳಿ ತುಂಬಿಸುವುದು ಮೈಸೂರಿನಲ್ಲಿ. ಮೊದಲ ಸಲ ಹೊರಟಾಗ ನಮ್ಮತ್ತೆ ಶಿವನಂಜಮ್ಮನವರು, "ಅಲ್ಲ ಕಣಪ್ಪ, ನಮ್ಮೂರಲ್ಲಿ ಗಾಳಿಗೂ ಬರ ಬಂದದಾ? ಮೈಸೂರ್ ಗಾಳಿನ ಆಟೋದಲ್ಲಿ ಏರ್ಕೊಂಡ್ ಬತ್ತೀಯಲ್ಲ" ಎಂದಿದ್ದರು. ಒಂದು ಟ್ಯಾಂಕಿನ ತೂಕ ಹದಿನಾರು ಕೆಜಿ, ಒಂದು ಕೆಲಸಕ್ಕೆ ನಾಲ್ಕು ಟ್ಯಾಂಕು. ನೀರಿಗೆ ಇಳಿದ ಮೇಲೆ ಅದು ಹೊತ್ತಂತೆಯೇ ಇರುವುದಿಲ್ಲವಂತೆ. ಅದರ ಭಾರವೆಲ್ಲ ಇರುವುದು ನೀರಿನ ಅಂಚು ತಲುಪುವ ತನಕ ಮಾತ್ರ, ಮತ್ತು ಆ ಅಂಚು ತಲುಪುವ ದಾರಿಯಲ್ಲೇ ತಮ್ಮ ಗೇಟು ಇದೆ.

ಆ ಗೇಟನ್ನು ಹೊಗಳದೆ ಮುಂದೆ ಹೋದರೆ ನಾನು ಕೃತಘ್ನಳಾಗುತ್ತೇನೆ. ಕೆರೆದಂಡೆ ಸೌಂದರ್ಯ ಸಮಿತಿಯವರು ನಮ್ಮೂರ ಹೊಸಕೆರೆಯ ಏರಿಯ ಮೇಲೆ ಕಲ್ಲುಬೆಂಚು ಹಾಕಿಸಿದ್ದಾರೆ, ಒಂಟಿಕಾಲಲ್ಲಿ ನಿಂತ ಸಿಮೆಂಟಿನ ಕೊಕ್ಕರೆಗಳನ್ನು ನಿಲ್ಲಿಸಿದ್ದಾರೆ, ಊರಿನವರು ಭಾರ ಎತ್ತಿ ಮೈ ಬೆಳೆಸಲೆಂದು ಕಸರತ್ತಿನ ಯಂತ್ರಗಳನ್ನೂ ನೆಟ್ಟಿದ್ದಾರೆ. ಇವೆಲ್ಲದರ ಕಾವಲಿಗೆ ಒಂದು ದೊಡ್ಡ ಗೇಟು, ಗೇಟಿಗೆ ತೆಂಗಿನಕಾಯಿ ಗಾತ್ರದ ಬೀಗ, ಪಕ್ಕದಲ್ಲಿ ಮನುಷ್ಯರು ಒಬ್ಬೊಬ್ಬರಾಗಿ ನುಸುಳುವ ಸಂದು, ಮೇಲೆ 'ಭಾರಿ ವಾಹನಗಳಿಗೆ ಪ್ರವೇಶವಿಲ್ಲ' ಎಂಬ ಫಲಕ. ಗೂಡ್ಸ್ ಆಟೋ ಈಚೆಯೇ ನಿಲ್ಲಬೇಕು. ಅಲ್ಲಿಂದ ತೂಬಿಗೆ ಎಂಟುನೂರ ಹನ್ನೆರಡು ಹೆಜ್ಜೆ. ಮಗುವನ್ನು ಎತ್ತಿಕೊಂಡು ಹೋಗಿ ನಾನೇ ಎಣಿಸಿದ್ದೇನೆ. ಮಂಡ್ಯದಲ್ಲಿ ಬಿ.ಎಸ್ಸಿ. ಓದುವಾಗ, ಭಾರ ಹೊತ್ತುಕೊಂಡು ಸಮತಟ್ಟಾದ ದಾರಿಯಲ್ಲಿ ಎಷ್ಟು ದೂರ ನಡೆದರೂ ಭೌತಶಾಸ್ತ್ರದ ಪ್ರಕಾರ ಮಾಡಿದ ಕೆಲಸ ಸೊನ್ನೆ ಎಂದು ನಮಗೆ ಹೇಳಿಕೊಟ್ಟಿದ್ದರು. ಆ ಪಾಠವನ್ನು ಸಮಿತಿಯವರು ಇಷ್ಟು ಶ್ರದ್ಧೆಯಿಂದ ಜಾರಿಗೆ ತಂದಿರುವುದನ್ನು ಕಂಡು ನನ್ನ ಮೇಷ್ಟರು ಸಂತೋಷಪಟ್ಟಾರು.

ಇಪ್ಪತ್ತೆರಡು ದಿನದ ಹಿಂದೆ ಇವರು ಕಚ್ಚಿಕೊಂಡಿದ್ದ ಇದೇ ತೂಬನ್ನು ನೋಡಲು ಹೋದಾಗ ಹೆಗಲಿಗೊಂದು ಟ್ಯಾಂಕಿನಂತೆ ಎರಡನ್ನು ಹೊತ್ತು ನಡೆದು, ಮೂರನೇ ಕೊಕ್ಕರೆಯ ಹತ್ತಿರ ಸೊಂಟ ಹಿಡಿದು ಕುಳಿತರು. ಬೆನ್ನಿನ ಡಿಸ್ಕು ಜಾರಿದೆಯೆಂದು ಮಂಡ್ಯದ ಡಾಕ್ಟರು ಹೇಳಿದರು. ಐದು ಕೆಜಿಗಿಂತ ಹೆಚ್ಚು ಎತ್ತಕೂಡದು, ಇನ್ನೊಮ್ಮೆ ಜಾರಿದರೆ ಆಪರೇಷನ್ನೇ. ಮೈತ್ರಿ ಎಂಟೂಕಾಲು ಕೆಜಿ. ಅವಳು ಅಂಬೆಗಾಲಿಟ್ಟು ಬಂದು, ಅಪ್ಪನ ಲುಂಗಿ ಹಿಡಿದು ಎದ್ದು ನಿಂತು, ಎರಡೂ ಕೈ ಮೇಲೆತ್ತುತ್ತಾಳೆ. ಇವರು ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಗೋಡೆಯ ಕಡೆ ನೋಡುತ್ತ ಕೂರುತ್ತಾರೆ. ಅವಳು ಸ್ವಲ್ಪ ಹೊತ್ತು ಕಾಯುತ್ತಾಳೆ, ಆಮೇಲೆ ಅಳುತ್ತಾಳೆ. ಈ ಭಾಗವನ್ನು ವ್ಯಂಗ್ಯವಾಗಿ ಬರೆಯಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ, ಕ್ಷಮಿಸಿ.

ನಾನು ಸುಮ್ಮನೆ ಕುಳಿತವಳಲ್ಲ. ಗೇಟು ತೆಗೆಸಿಕೊಡಿರೆಂದು ಸಮಿತಿಗೆ ಅರ್ಜಿ ಬರೆದೆ. 'ತೂಬಿನ ಕೆಲಸಕ್ಕಾಗಿ ನಾಲ್ಕು ಟ್ಯಾಂಕುಗಳನ್ನು ಆಟೋದಲ್ಲಿ ಕೆರೆಯ ಬಳಿಗೆ ಒಯ್ಯಲು' ಎಂದು ಬರೆದದ್ದು ನನ್ನದೇ ತಪ್ಪು. ಕೆರೆಯಿಂದ ಟ್ಯಾಂಕರಿನಲ್ಲಿ ನೀರು ತುಂಬಿಕೊಂಡು ಮಾರುವುದು ಶಿಕ್ಷಾರ್ಹ ಅಪರಾಧ ಎಂಬ ಉತ್ತರ ಎರಡೇ ದಿನದಲ್ಲಿ ಬಂತು. ಬುದ್ಧಿ ಕಲಿತು, ಟ್ಯಾಂಕು ಎನ್ನುವಲ್ಲೆಲ್ಲ ಸಿಲಿಂಡರ್ ಎಂದು ತಿದ್ದಿ ಮತ್ತೆ ಕಳಿಸಿದೆ. ಏರಿಯ ಮೇಲೆ ಒಲೆ ಹೂಡಿ ಬಾಡೂಟ ಮಾಡುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಲಾಗಿದೆ, ಬೇಯಿಸಿ ತಂದು ತಿನ್ನಲು ಅಭ್ಯಂತರವಿಲ್ಲ ಎಂಬ ಉತ್ತರ ಬಂತು. ಕೊನೆಗೆ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಕಾವಲುಗಾರ ಬೋರಯ್ಯನವರ ಮುಂದೆ ಖುದ್ದಾಗಿ ನಿಂತು, ಅದರೊಳಗೆ ಇರುವುದು ಬರೀ ಗಾಳಿ ಎಂದು ವಿವರಿಸಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು, ಗಾಳಿಯನ್ನು ಡಬ್ಬಕ್ಕೆ ಹಿಡಿದು ಮುಚ್ಚಳ ಹಾಕುವಂಥ ಮಂತ್ರವಾದಿ ಯಾವೂರಿನವನೆಂದು ಮೆಲ್ಲಗೆ ವಿಚಾರಿಸಿದರು.

ಆ ಗಾಳಿ ಬೇರೆ, ಈ ಗಾಳಿ ಬೇರೆ ಎಂದು ಅವರಿಗೆ ಒಪ್ಪಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ತಿಳಿದದ್ದೇನೆಂದರೆ, ಗೇಟು ತೆಗೆಯಲು ಅವರಿಗೆ ಮನಸ್ಸಿದೆ, ಕೀ ಇಲ್ಲ. ಉದ್ಘಾಟನೆಯ ದಿನ ಬೀಗದ ಎರಡೂ ಕೀಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಹಣ್ಣಿನ ಬುಟ್ಟಿಯಲ್ಲಿಟ್ಟು, ಶಾಲು ಪೇಟದ ಜೊತೆಗೆ ಮುಖ್ಯ ಅತಿಥಿಗಳಿಗೆ ಸಾಂಕೇತಿಕವಾಗಿ ಒಪ್ಪಿಸುವುದೆಂದು ಕಾರ್ಯಕ್ರಮವಿತ್ತು. ಸಾಂಕೇತಿಕವಾಗಿ ಒಪ್ಪಿಸಿದ ಕೀಯನ್ನು ನಿಜವಾಗಿ ವಾಪಸು ಪಡೆಯುವುದು ಕಾರ್ಯಕ್ರಮದಲ್ಲಿ ಇರಲಿಲ್ಲ. ಅದೂ ಅಲ್ಲದೆ ವೇದಿಕೆಯ ಮೇಲೆ ಹದಿನೇಳು ಗಣ್ಯರು, ಹದಿನೇಳೂ ಬುಟ್ಟಿಗಳು ಒಂದೇ ಥರ, ಕೊಡುವಾಗ ನೂಕುನುಗ್ಗಲು. "ಕೀನ ಸೇಬಿನ್ ಮ್ಯಾಲೆ ಮಡುಗ್ದೋನು ನಾನೇ ಕಣಮ್ಮ," ಎಂದರು ಬೋರಯ್ಯ, "ಬುಟ್ಟಿ ಯಾರ್ ಮನೆಗ್ ಓಯ್ತೋ ಕಾಣೆ." ಬೀಗ ಒಡೆಯಬಹುದಲ್ಲವೇ ಎಂದು ಸಮಿತಿಯ ಅಧ್ಯಕ್ಷರಾದ ದೇವರಾಜು ಅವರನ್ನು ಕೇಳಿದೆ. ಮುಖ್ಯ ಅತಿಥಿಗಳ ಅಮೃತಹಸ್ತದಿಂದ ಹಾಕಿದ ಬೀಗವನ್ನು ಒಡೆದರೆ ಅವರಿಗೆ ಅವಮಾನವಾಗುತ್ತದೆಂದು ಅವರು ಬೇಸರಪಟ್ಟರು. ಬೇಸರದ ನಡುವೆಯೂ, ತೂಬಿನ ಕೆಲಸ ಇವತ್ತು ಬೆಳಿಗ್ಗೆ ಆರಕ್ಕೆ ಆಗಲೇಬೇಕು, ನಾಟಿಗೆ ನೀರಿಲ್ಲದೆ ಕೆಳಗಿನ ಗದ್ದೆಯವರ ಮಡಿಯ ಸಸಿ ಬಲಿಯುತ್ತಿದೆ ಎಂದು ಜ್ಞಾಪಿಸಲು ಮರೆಯಲಿಲ್ಲ.

ನನ್ನ ಗಂಡ ಒಪ್ಪಿಬಿಟ್ಟಿದ್ದಾರೆ. 'ಈಜಾಡಿ, ಬೆನ್ನಿಗೆ ಒಳ್ಳೆಯದು' ಎಂದು ಡಾಕ್ಟರು ಹೇಳಿದ್ದೊಂದು ಮಾತನ್ನು ಮಾತ್ರ ಇವರು ಬಾಯಿಪಾಠ ಮಾಡಿಕೊಂಡಿದ್ದಾರೆ. ಆಟೋ ನೀರಿನ ಅಂಚಿಗೆ ಹೋದರೆ ನನ್ನ ತಕರಾರೂ ಇಲ್ಲ. ಜೊತೆಗಾರ ಅಂಬರೀಶ್ ಟ್ಯಾಂಕನ್ನು ಇಳಿಸಿ ನೀರಿನಲ್ಲೇ ಇವರ ಬೆನ್ನಿಗೆ ಕಟ್ಟುತ್ತಾನೆ, ಇವರು ಏನನ್ನೂ ಎತ್ತಬೇಕಿಲ್ಲ. ಆಟೋ ಹೋಗದಿದ್ದರೆ ಅಂಬರೀಶನೊಬ್ಬನೇ ನಾಲ್ಕು ಸಲ ನಡೆಯಬೇಕು. ಹಾಗೇ ಮಾಡಲಿ ಎಂದು ರಾತ್ರಿ ಊಟದ ಹೊತ್ತಿನಲ್ಲಿ ಬೇಡಿಕೊಂಡೆ. "ಅವನು ಒರೋದ್ನ ನಾನ್ ಕೈ ಕಟ್ಕಂಡ್ ನೋಡ್ಕಂಡ್ ನಿಂತ್ಕಳಾದಾ?" ಎಂದರು. "ಒಂದೇ ಒಂದು ಟ್ಯಾಂಕು ತಗತೀನಿ, ಬುಡು. ಎಷ್ಟಾತದೆ, ಎರಡು ಮೈತ್ರಿ ಅಷ್ಟೇ."

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಕೆಲವು ಸಣ್ಣ ಕೋರಿಕೆಗಳು. ಕೆರೆಯನ್ನು ಎಂಟುನೂರ ಹನ್ನೆರಡು ಹೆಜ್ಜೆ ಈಚೆಗೆ ಎಳೆಸಿ, ಗೇಟಿನ ಹೊರಗೆ ತಂದು ನಿಲ್ಲಿಸಿಕೊಡುವುದು. ಅದಕ್ಕೆ ಮೇಲಿನವರ ಒಪ್ಪಿಗೆ ಬೇಕಾಗುವುದಾದರೆ, ತೂಬೇ ಇವತ್ತು ಆರಕ್ಕೆ ನಡೆದುಬಂದು ಗೇಟಿನ ಸಂದಿನಲ್ಲಿ ನುಸುಳಿ, ಆಟೋ ಪಕ್ಕದಲ್ಲಿ ನಿಂತು ರಿಪೇರಿ ಮಾಡಿಸಿಕೊಂಡು ಹೋಗುವಂತೆ ಅದಕ್ಕೊಂದು ನೋಟಿಸು ಕೊಡುವುದು. ಇವೆರಡೂ ಕಷ್ಟವೆನಿಸಿದರೆ ಮಾತ್ರ, ದಯಮಾಡಿ ಎದ್ದು, ಲೈಟು ಹಾಕಿ, ಆ ಬುಟ್ಟಿಯೊಳಗೆ ಒಮ್ಮೆ ಕೈಯಾಡಿಸುವುದು. ಹಣ್ಣುಗಳ ಸ್ಥಿತಿ ಈಗ ಹೇಗಿದ್ದೀತೆಂದು ಬಲ್ಲೆ. ಕೀ ತುಕ್ಕು ಹಿಡಿದಿದ್ದರೂ ನಡೆಯುತ್ತದೆ, ಎಣ್ಣೆ ನಾನು ತರುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ಬೆಳಗಾಗುವವರೆಗೆ ಎಚ್ಚರವಾಗಿಯೇ ಇರುವ,
ನಾಗಶ್ರೀ ಕೆಂಪರಾಜು

ಮರೆತ ಮಾತು: ಇದನ್ನು ಓದಿ ತಾವು ಕೈಮುಗಿಯುವ ಚಿಹ್ನೆಯೊಂದನ್ನು ಹಾಕಿ ಮಲಗಬಹುದೆಂಬ ಭಯ ನನಗಿದೆ. ಈ ಗುಂಪಿನಲ್ಲಿ ಆ ಚಿಹ್ನೆಗಳಿಗೇನೂ ಕೊರತೆಯಿಲ್ಲ, ಅದರ ಬದಲು ಒಂದು ಫೋನ್ ಮಾಡಿ. ಮಗು ಎದ್ದೀತೆಂಬ ಸಂಕೋಚ ಬೇಡ, ಮೊದಲ ರಿಂಗಿಗೇ ಎತ್ತುತ್ತೇನೆ. ತಮ್ಮ ಬಳಿ ಕೀ ಇಲ್ಲದಿದ್ದರೆ, ಇಲ್ಲವೆಂದು ಹೇಳುವುದಕ್ಕಾದರೂ ಮಾಡಿ. ಹದಿನೇಳರಲ್ಲಿ ಒಬ್ಬರು ಕಡಿಮೆಯಾಗುತ್ತಾರೆ, ನಾನು ಮುಂದಿನವರ ಬಾಗಿಲು ತಟ್ಟಬಹುದು. ಆಟೋ ಐದೂವರೆಗೆ ಹೊರಡುತ್ತದೆ. ಅಷ್ಟರೊಳಗೆ ಮಾಡಿ. ಯಾರಾದರೂ ಒಬ್ಬರು ಮಾಡಿ, ದಮ್ಮಯ್ಯ.